ಬಾಗಿದ ಕೊಂಬೆ ಸುಮ್ಮನೆ ನಿಂತಿಲ್ಲ!

ಹಿತ್ತಲ ದಾಳಿಂಬೆಯೋ ಸೀಬೆಯೋ ಕಾಯಿ ಜಗ್ಗಿ ನೆಲ ಮುಟ್ಟುವಂತಾದರೆ ‘ಪಾಪ, ಗಿಡಕ್ಕೆ ಎಷ್ಟು ಭಾರ’ ಎಂದು ಕನಿಕರಪಡುತ್ತೇವೆ. ಆದರೆ ಅಗಲ ಎಲೆಯ ಬಹುಪಾಲು ಮರಗಳು ಬಾಗಿದ ಕೊಂಬೆಯ ಮೇಲ್ಭಾಗದಲ್ಲಿ ವಿಶೇಷ ಬಗೆಯ ಕಟ್ಟಿಗೆಯನ್ನೇ ಬೆಳೆಸುತ್ತವೆ, ಗೊತ್ತೇ? ಅದರ ನಾರುಗಳು ಬಲಿಯುತ್ತ ಬಲಿಯುತ್ತ ಕುಗ್ಗುತ್ತವೆ, ಕುಗ್ಗುತ್ತ ಇಡೀ ಕೊಂಬೆಯನ್ನು ಮೇಲಕ್ಕೆ ಜಗ್ಗುತ್ತವೆ! ಹಗ್ಗವಿಲ್ಲ, ರಾಟೆಯಿಲ್ಲ, ಮರ ತನ್ನನ್ನು ತಾನೇ ಎತ್ತಿಕೊಳ್ಳುತ್ತಿದೆ!

ಹಲಸನ್ನು ನೋಡಿ. ಮೂವತ್ತು ಕಿಲೋ ದಾಟಬಲ್ಲ ಹಣ್ಣನ್ನು ಅದು ತುದಿರೆಂಬೆಗೆ ಬಿಡುವುದೇ ಇಲ್ಲ, ಕಾಂಡಕ್ಕೂ ದಪ್ಪ ಕೊಂಬೆಗೂ ಅಂಟಿಸಿ ಬಿಡುತ್ತದೆ. ಎಂಥ ಲೆಕ್ಕಾಚಾರ! ಕವಲಿನಿಂದ ಒಂದು ಅಡಿ ದೂರದ ಕಾಯಿಗಿಂತ, ಅಷ್ಟೇ ತೂಕದ ನಾಲ್ಕು ಅಡಿ ದೂರದ ಕಾಯಿ ಕವಲನ್ನು ನಾಲ್ಕು ಪಟ್ಟು ಜಗ್ಗುತ್ತದೆ. ದಾಳಿಂಬೆ, ಸೀಬೆ ಸೋಲುವುದು ಇಲ್ಲೇ. ಹೊಸ ಕಟ್ಟಿಗೆ ಬಲಿಯಲು ತಿಂಗಳುಗಳು ಬೇಕು. ಕಾಯಿ ಅಷ್ಟರೊಳಗೆ ಊದಿಕೊಳ್ಳುತ್ತದೆ, ಮೇಲೊಂದು ಮಳೆ ಬಿದ್ದು ಎಲೆಯೆಲ್ಲ ತೊಯ್ದರೆ ರಾತ್ರೋರಾತ್ರಿ ಕವಲು ಸೀಳುತ್ತದೆ.

ಅದಕ್ಕೇ ಕವೆಗೋಲು. ಕವಲಿನಿಂದ ಕೊಂಬೆಯ ಮುಕ್ಕಾಲು ದೂರದಲ್ಲಿ, ಕಾಯಿ ಗೊಂಚಲಿನ ಹತ್ತಿರ ಕೊಡಿ. ಕವೆಯೊಳಗೆ ಗೋಣಿಚೀಲದ ಮಡಿಕೆಯಿಡಿ, ಇಲ್ಲದಿದ್ದರೆ ಗಾಳಿಗೆ ಉಜ್ಜಿ ತೊಗಟೆ ಸುಲಿಯುತ್ತದೆ. ಬಾಗಿದ್ದನ್ನು ಮೊದಲಿನ ಎತ್ತರಕ್ಕೆ ಎತ್ತಲು ಹೋಗಬೇಡಿ. ಇನ್ನಷ್ಟು ಬಾಗದಂತೆ ತಡೆದರೆ ಸಾಕು. ಕೋಲು ಸಿಗದಿದ್ದರೆ ಕಾಯಿ ಎಳಸಿರುವಾಗಲೇ ತುದಿಯ ಕೆಲವನ್ನು ಕಿತ್ತುಬಿಡಿ. ಮನಸ್ಸು ಬರುವುದಿಲ್ಲ, ನಿಜ. ಆದರೂ ಕೀಳಿ; ಉಳಿದವು ದಪ್ಪವಾಗುತ್ತವೆ.

ಇನ್ನೊಂದು ಅಚ್ಚರಿ ಕೇಳಿ! ಇಂಗ್ಲೆಂಡಿನ ಥಾಮಸ್ ಆಂಡ್ರ್ಯೂ ನೈಟ್ ಎಳೆಯ ಸೇಬಿನ ಗಿಡಗಳನ್ನು ಗಾಳಿಗೆ ಅಲುಗದಂತೆ ಕಟ್ಟಿ ನೋಡಿದ. 1803ರಲ್ಲಿ ಅದರ ಫಲಿತಾಂಶ ಪ್ರಕಟಿಸಿದ. ಕಟ್ಟಿದ ಗಿಡಗಳಿಗಿಂತ ತೂಗಾಡುವ ಗಿಡಗಳ ಕಾಂಡವೇ ಹೆಚ್ಚು ದಪ್ಪವಾಗಿತ್ತು. ಉತ್ತರ-ದಕ್ಷಿಣಕ್ಕೆ ಮಾತ್ರ ಅಲುಗಲು ಬಿಟ್ಟ ಗಿಡದ ಕಾಂಡ ಆ ದಿಕ್ಕಿಗೇ ಉಬ್ಬಿ ಮೊಟ್ಟೆಯಾಕಾರ ತಳೆದಿತ್ತು! ಗಾಳಿ ಯಾವ ಕಡೆಯಿಂದ ಜಗ್ಗುತ್ತದೆಂದು ಮರಕ್ಕೆ ತಿಳಿಯುತ್ತದೆ, ತಿಳಿದು ಅತ್ತಲೇ ಮೈ ಗಟ್ಟಿ ಮಾಡಿಕೊಳ್ಳುತ್ತದೆ.

ಹಾಗಾಗಿ ಕೊಂಬೆಯನ್ನು ಕೋಲಿಗೆ ಬಿಗಿಯಾಗಿ ಕಟ್ಟಬೇಡಿ, ತುಸು ತೂಗಾಡಲು ಜಾಗ ಬಿಡಿ. ಕೊಯ್ಲು ಮುಗಿದ ಕೂಡಲೇ ಕೋಲು ತೆಗೆಯಿರಿ. ಮುಂದಿನ ಫಸಲಿನ ಭಾರ ಹೊರಲು ಕೊಂಬೆ ಈಗಲೇ ಅಲುಗಾಡಿ ಗಟ್ಟಿಯಾಗಬೇಕು.