ಹಳೆಯ ಮನೆಯ ದುರಸ್ತಿ: ಕಣಕಟ್ಟೆ ಸೀಮೆಯ ತೊಟ್ಟಿಮನೆಗಳನ್ನು ಕುರಿತು ಒಂದು ವಿವೇಚನೆ

ಶಿಥಿಲಗೊಂಡ ದೇವಾಲಯವನ್ನು ಸರಿಪಡಿಸುವ ಕಾರ್ಯಕ್ಕೆ ನಮ್ಮಲ್ಲಿ ‘ಜೀರ್ಣೋದ್ಧಾರ’ ಎಂಬ ಗೌರವದ ಹೆಸರಿದೆ. ಹಳೆಯ ಮನೆಯನ್ನು ಸರಿಪಡಿಸುವುದಕ್ಕೆ ಅಂತಹ ಹೆಸರಿಲ್ಲ. ಜನ ಅದನ್ನು ‘ರಿಪೇರಿ’ ಎಂದಷ್ಟೇ ಕರೆಯುತ್ತಾರೆ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬೇಲೂರು, ಹಳೇಬೀಡುಗಳಿರುವ ಹಾಸನ ಜಿಲ್ಲೆಯದೇ ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿಯಲ್ಲಿ ಉಳಿದಿರುವ ತೊಟ್ಟಿಮನೆಗಳನ್ನು ಪಟ್ಟಿ ಮಾಡಬೇಕೆಂದು ಯಾರಿಗೂ ಅನ್ನಿಸಿದಂತಿಲ್ಲ. ಅವುಗಳಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ. ಆದುದರಿಂದಲೇ ಅವು ಬದಲಾಗುತ್ತಿವೆ. ಈ ಬದಲಾವಣೆಯ ನಡುವೆ ಯಾವುದು ಉಳಿದರೆ ಮನೆಯ ಸ್ವರೂಪ ಉಳಿದಂತೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ನನ್ನದೇ ತಪ್ಪಿನಿಂದ. ಪಿಎಚ್.ಡಿ. ಅಧ್ಯಯನದ ಕ್ಷೇತ್ರಕಾರ್ಯಕ್ಕಾಗಿ ಈ ಸೀಮೆಯಲ್ಲಿ ಅಲೆಯುತ್ತಿದ್ದಾಗ ಒಂದು ಮನೆಯ ಬಾಗಿಲುವಾಡದ ಕೆತ್ತನೆಯನ್ನೂ ಪಡಸಾಲೆಯ ಕಂಬಗಳ ಬೋದಿಗೆಗಳನ್ನೂ ಬಾಯ್ತುಂಬ ಹೊಗಳಿ ಛಾಯಾಚಿತ್ರ ತೆಗೆದುಕೊಂಡು ಬಂದಿದ್ದೆ. ಅದೇ ಪಡಸಾಲೆಯಲ್ಲಿ ಕುಳಿತ ಅಜ್ಜಿಯಿಂದ ರಾಗಿಕಲ್ಲಿನ ಪದಗಳನ್ನೂ ಬರೆದುಕೊಂಡಿದ್ದೆ. ಕೆಲವು ವರ್ಷಗಳ ನಂತರ ಮತ್ತೆ ಹೋದಾಗ ಮನೆಯವರು ಅಭಿಮಾನದಿಂದ ಬರಮಾಡಿಕೊಂಡು, “ನೀವು ಹೇಳಿದ್ದನ್ನೆಲ್ಲ ಉಳಿಸಿಕೊಂಡಿದ್ದೇವೆ ನೋಡಿ ಸಾರ್” ಎಂದರು. ಬಾಗಿಲು ಇತ್ತು, ಕಂಬಗಳೂ ಇದ್ದವು. ತೊಟ್ಟಿಯ ಮೇಲೆ ಕಾಂಕ್ರೀಟ್ ತಾರಸಿ ಬಿದ್ದಿತ್ತು, ಅಟ್ಟ ಹೋಗಿತ್ತು, ರಾಗಿಕಲ್ಲು ಹಿತ್ತಲಿನಲ್ಲಿ ಮಳೆಗೆ ನೆನೆಯುತ್ತಿತ್ತು. ನಾನು ನೋಡಿದ್ದನ್ನು ಅವರು ಉಳಿಸಿದ್ದರು. ನಾನು ನೋಡದಿದ್ದುದು ಹೋಗಿತ್ತು. ಪಡಸಾಲೆಯ ಹಾಡನ್ನು ಸಂಗ್ರಹಿಸಿದ ನಮ್ಮ ಶಿಸ್ತು ಪಡಸಾಲೆಯನ್ನು ಅಷ್ಟಾಗಿ ದಾಖಲಿಸಲಿಲ್ಲವೆಂಬುದು ಒಪ್ಪಿಕೊಳ್ಳಬೇಕಾದ ಮಾತು.

ಕಣಕಟ್ಟೆ ಬಯಲುಸೀಮೆಯ ಊರು. ರಾಗಿ ಮತ್ತು ತೆಂಗಿನ ನಾಡು. (ಊರಿನ ಹೆಸರಿನಲ್ಲಿಯೇ ಕಣವೂ ಕಟ್ಟೆಯೂ ಕಿವಿಗೆ ಬೀಳುತ್ತವೆ. ಇದನ್ನು ವ್ಯುತ್ಪತ್ತಿಯೆಂದು ಯಾರೂ ಭಾವಿಸಬಾರದು.) ಇಲ್ಲಿನ ತೊಟ್ಟಿಮನೆಯ ಜಗಲಿ ದಾಟಿ ಒಳಗೆ ಕಾಲಿಟ್ಟರೆ ಮೊದಲು ದನದ ಕೊಟ್ಟಿಗೆ, ಅನಂತರ ಎತ್ತರಿಸಿದ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರಾಚೆ ನಡುಮನೆ, ದೇವರಮನೆ, ಅಡುಗೆಮನೆ, ಹಿತ್ತಲು. ಗೋಡೆಗಳು ಹದಗೊಳಿಸಿದ ಮಣ್ಣಿನವು. ತೊಲೆ ಜಂತೆಗಳಿಗೆ ಹಲಸು, ಬೇವು, ಬಲಿತ ತೆಂಗು. ಇಷ್ಟನ್ನು ಹಳೆಯ ಮೈಸೂರು ಸೀಮೆಯ ಅನೇಕ ಕಡೆ ಕಾಣಬಹುದು. ಈ ಭಾಗದ ಮನೆಗೆ ವಿಶೇಷವಾದುದು ಅಟ್ಟ.

ತಿಪಟೂರು ಅರಸೀಕೆರೆಗಳ ಕಡೆ ತೆಂಗಿನಕಾಯಿಯನ್ನು ಕೊಯ್ದೊಡನೆ ಮಾರುವುದಕ್ಕಿಂತ ಉಂಡೆಕೊಬ್ಬರಿ ಮಾಡಿ ಮಾರುವ ರೂಢಿ ಹೆಚ್ಚು. ಬಲಿತ ಕಾಯಿಗಳನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ ಎಂಟು ತಿಂಗಳಿನಿಂದ ಒಂದು ವರ್ಷದವರೆಗೆ ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ಆರಿ, ತಿರುಳು ಕರಟ ಬಿಟ್ಟು, ಅಲುಗಿಸಿದರೆ ಗಿಟುಕು ಸದ್ದು ಮಾಡಬೇಕು. ಇದಕ್ಕೆ ಬೇಕಾದುದು ಬಿಸಿಲಿನ ನೇರ ಕಾವಲ್ಲ, ನೆರಳಿನಲ್ಲಿ ಆಡುವ ಗಾಳಿ ಮತ್ತು ಸಣ್ಣ ಬಿಸುಪು. ಅಟ್ಟದ ಹಲಗೆಗಳ ನಡುವೆ ಬಿಟ್ಟ ಸಂದುಗಳು, ಮೇಲಿನ ಹೆಂಚಿನ ಸಡಿಲ ಜೋಡಣೆ, ಕೆಳಗಿನ ಒಲೆಯಿಂದ ಏರುವ ಹೊಗೆ ಇವೆಲ್ಲವೂ ಸೇರಿ ಆ ಹದವನ್ನು ಒದಗಿಸುತ್ತಿದ್ದವು. ಅಟ್ಟದ ಹೊರೆಯನ್ನು ತಡೆಯಲೆಂದೇ ಕೆಳಗಿನ ಕಂಬಗಳು ಅಷ್ಟು ದಪ್ಪ. ನಾನು ಹೊಗಳಿದ ಬೋದಿಗೆಗಳು ಅಲಂಕಾರವಾಗುವ ಮುನ್ನ ತೆಂಗಿನಕಾಯಿಯ ಭಾರವನ್ನು ಕಂಬಕ್ಕೆ ಇಳಿಸುವ ಸಾಧನಗಳಾಗಿದ್ದವು. ಅಟ್ಟ ತೆಗೆದ ಮೇಲೆ ಆ ಕಂಬಗಳು ಏನನ್ನೂ ಹೊರದೆ ಸುಮ್ಮನೆ ನಿಂತಿದ್ದವು.

ಮನೆಯ ಯಾವುದೇ ಅಂಗವನ್ನು ತೆಗೆಯುವ ಮುನ್ನ ಅದು ನೋಡಲು ಹೇಗಿದೆ ಎಂಬುದಕ್ಕಿಂತ ಯಾವ ಕೆಲಸ ಮಾಡುತ್ತಿದೆ ಎಂದು ಕೇಳುವುದು ಆದ್ಯ ಅಗತ್ಯವೆಂದು ನನ್ನ ಅಭಿಪ್ರಾಯ. ಗೋಡೆಯನ್ನೇ ತೆಗೆದುಕೊಳ್ಳಬಹುದು. ಮಣ್ಣಿನ ಗೋಡೆ ನೆಲದ ತೇವವನ್ನು ಹೀರಿ ಮೈಯಿಂದ ಹೊರಬಿಡುತ್ತದೆ. ಸಗಣಿ ಸಾರಣೆಯೂ ಸುಣ್ಣದ ಗಾರೆಯೂ ಇದಕ್ಕೆ ಅಡ್ಡಿಯಾಗುವುದಿಲ್ಲ. ಸಿಮೆಂಟಿನ ಗಿಲಾವು ಅಡ್ಡಿಯಾಗುತ್ತದೆ. ತೇವ ಒಳಗೇ ಉಳಿದು, ಕೆಲವು ಮಳೆಗಾಲ ಕಳೆಯುವುದರೊಳಗೆ ಗಿಲಾವು ಹಾಳೆಹಾಳೆಯಾಗಿ ಏಳುತ್ತದೆ, ಏಳುವಾಗ ಮಣ್ಣನ್ನೂ ಕಿತ್ತುಕೊಂಡು ಬರುತ್ತದೆ. ಆಗ ಮನೆಯವರು ‘ಮಣ್ಣಿನ ಗೋಡೆಗೆ ಆಯಸ್ಸು ಮುಗಿಯಿತು’ ಎನ್ನುತ್ತಾರೆ. ಅರಳಿಸಿದ ಸುಣ್ಣಕ್ಕೆ ಮರಳು ಬೆರೆಸಿ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸುತ್ತಿದ್ದ ಗಾರೆಯ ವಿಧಾನವನ್ನು ಬಲ್ಲವರು ಈಗ ವಿರಳ. ತಾರಸಿಯದು ಇನ್ನೊಂದು ತೊಂದರೆ. ನಾಲ್ಕು ಅಂಗುಲ ದಪ್ಪದ ಕಾಂಕ್ರೀಟ್ ತಾರಸಿಯ ತೂಕ ಚದರ ಮೀಟರಿಗೆ ಸುಮಾರು 250 ಕಿಲೋಗ್ರಾಂ. ಸಾಮಾನ್ಯ ಹೆಂಚಿನ ಮಾಡು ಅದರ ಮೂರನೆಯ ಒಂದು ಭಾಗದಷ್ಟೂ ತೂಗುವುದಿಲ್ಲ. ಹೆಂಚಿಗೆಂದು ಎಬ್ಬಿಸಿದ ಮಣ್ಣಿನ ಗೋಡೆಯ ಮೇಲೆ ಅದನ್ನು ಹೇರುವುದು ಅಪಾಯಕರ.

ಒಲೆಯ ವಿಷಯ ಇಷ್ಟು ಸರಳವಲ್ಲ. ಅಡುಗೆಯ ಹೊಗೆ ಜಂತೆಗಳನ್ನು ಕಪ್ಪಾಗಿಸಿ ಹುಳು ಹತ್ತದಂತೆ ಕಾಯುತ್ತಿತ್ತೆಂದು ಇಲ್ಲಿನ ಬಡಗಿಗಳು ಹೇಳುತ್ತಾರೆ. ಅನಿಲದ ಒಲೆ ಬಂದ ಮೇಲೆ ಮರಕ್ಕೆ ಕುಟ್ಟೆಹುಳುವಿನ ಕಾಟ ಹೆಚ್ಚಿತೆಂಬುದು ಅವರ ಅನುಭವ. ಆದರೆ ಅದೇ ಹೊಗೆಯಲ್ಲಿ ತಲೆಮಾರುಗಳ ಹೆಣ್ಣುಮಕ್ಕಳು ಕಣ್ಣು ಕಳೆದುಕೊಂಡಿದ್ದಾರೆ, ಕೆಮ್ಮಿದ್ದಾರೆ. ಪರಂಪರೆಯ ಹೆಸರಿನಲ್ಲಿ ಅವರನ್ನು ಮತ್ತೆ ಸೌದೆಯೊಲೆಯ ಮುಂದೆ ಕೂರಿಸುವ ಹಕ್ಕು ಯಾವ ಸಂಶೋಧಕನಿಗೂ ಇಲ್ಲ. ಮರಕ್ಕೆ ಕಾಲಕಾಲಕ್ಕೆ ಎಣ್ಣೆ ಬಳಿಯುವುದು, ಗಾಳಿಗಿಂಡಿಗಳನ್ನು ಮುಚ್ಚದಿರುವುದು, ಕತ್ತಲ ಕೋಣೆಗೆ ನಾಲ್ಕಾರು ಗಾಜಿನ ಹೆಂಚು ಹಾಕುವುದು, ಶೌಚಾಲಯವನ್ನು ಹಿತ್ತಲಿನ ಕಡೆ ಮಣ್ಣಿನ ಗೋಡೆಗೆ ತಾಗದ ಪ್ರತ್ಯೇಕ ಇಟ್ಟಿಗೆ ಗೋಡೆಗಳ ಮೇಲೆ ಕಟ್ಟುವುದು ಇಂತಹ ಮಾರ್ಪಾಡುಗಳಿಂದ ಮನೆ ಕೆಡುವುದಿಲ್ಲ.

ಮನೆ ಹಿಂದೆಯೂ ಬದಲಾಗಿದೆ. ನಾವು ಇಂದು ‘ಹಳೆಯ ಮನೆ’ಯ ಗುರುತೆಂದು ಭಾವಿಸುವ ಮಂಗಳೂರು ಹೆಂಚು 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೊರಟುದು. ಅದಕ್ಕೂ ಮೊದಲು ಕುಂಬಾರರ ಕೈಹೆಂಚು ಇತ್ತು. ಹೊಸ ಹೆಂಚು ಬಂದಾಗ ಮನೆಯ ಸ್ವರೂಪ ಅಳಿಯಲಿಲ್ಲ, ಏಕೆಂದರೆ ಅದು ಕೈಹೆಂಚಿನ ಕೆಲಸವನ್ನೇ ಮಾಡಿತು: ಮಳೆ ತಡೆಯಿತು, ಅಟ್ಟಕ್ಕೆ ಗಾಳಿ ಬಿಟ್ಟಿತು.

ಕರ್ನಾಟಕದಲ್ಲಿ ಹಳೆಯ ಮನೆಗಳನ್ನು ಉಳಿಸಿದ ಪ್ರಸಿದ್ಧ ನಿದರ್ಶನಗಳು ಇಲ್ಲದಿಲ್ಲ. ಕುಪ್ಪಳಿಯಲ್ಲಿ ಕುವೆಂಪು ಅವರ ಪೂರ್ವಿಕರ ತೊಟ್ಟಿಮನೆ ಕವಿಮನೆಯೆಂಬ ಸಂಗ್ರಹಾಲಯವಾಗಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ನಾಶದ ಅಂಚಿನಲ್ಲಿದ್ದ ಮನೆಗಳನ್ನು ಬಿಚ್ಚಿ ತಂದು ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ಮರುಜೋಡಿಸಿದರು; ಕುಕನೂರಿನ ಕಮಲ ಮಹಲು, ಹರ್ಕೂರಿನ ಮನೆ ಅಲ್ಲಿವೆ. 2017ರಲ್ಲಿ ತೀರಿಕೊಂಡ ಅವರ ಶ್ರಮಕ್ಕೆ ನಾಡು ಋಣಿ. ಆದರೆ ಈ ಎರಡೂ ಮಾದರಿಗಳಲ್ಲಿ ಸಂಸಾರ ಹೊರಗಿದೆ. ಕಣಕಟ್ಟೆಯ ರೈತನ ಮುಂದಿರುವುದು ಸಂಸಾರ ಒಳಗಿರುವಾಗಲೇ ಮನೆ ಉಳಿಸುವ ಸಮಸ್ಯೆ. ಇನ್‌ಟ್ಯಾಕ್ ಸಂಸ್ಥೆ 2004ರಲ್ಲಿ, ಸರ್ಕಾರಿ ರಕ್ಷಣೆಯಿಲ್ಲದ ಕಟ್ಟಡಗಳಿಗಾಗಿ ಅಂಗೀಕರಿಸಿದ ಸನ್ನದು ಕಟ್ಟಡದಷ್ಟೇ ಅದನ್ನು ಕಟ್ಟುವ ಕಸುಬನ್ನೂ ಪರಂಪರೆಯೆಂದು ಪರಿಗಣಿಸಿರುವುದು ಈ ದೃಷ್ಟಿಯಿಂದ ಗಮನಾರ್ಹ. ಗಾರೆ ಕಲಸುವವನು ಇಲ್ಲದಿದ್ದರೆ ಗಾರೆಯ ಗೋಡೆ ಉಳಿಯುವ ಬಗೆಯೇ ಇಲ್ಲ.

ಸಿಮೆಂಟಿಗಿಂತ ಹೆಚ್ಚು ತೊಟ್ಟಿಮನೆಗಳನ್ನು ಒಡೆದಿರುವುದು ಪಾಲು. ಅಣ್ಣತಮ್ಮಂದಿರು ಬೇರೆಯಾದಾಗ ತೊಟ್ಟಿಯ ನಡುವೆ ಗೋಡೆ ಏಳುತ್ತದೆ. ಒಬ್ಬನ ಪಾಲಿಗೆ ಬೆಳಕು, ಇನ್ನೊಬ್ಬನ ಪಾಲಿಗೆ ಮೋರಿ. ಇತ್ತೀಚೆಗೆ ಇದೇ ಹೋಬಳಿಯ ಇನ್ನೊಂದು ಮನೆಯಲ್ಲಿ ಮೂವರು ಸಹೋದರರು ಪಾಲಿಗೆ ಕುಳಿತಾಗ ನನ್ನನ್ನೂ ಕರೆದಿದ್ದರು. ಹಿಂದಿನ ತಪ್ಪಿನ ನೆನಪಿದ್ದುದರಿಂದ ಕೆತ್ತನೆಯ ಮಾತೆತ್ತಲಿಲ್ಲ. ಈ ಅಟ್ಟಕ್ಕೆ ಎಷ್ಟು ಕಾಯಿ ಹಿಡಿಯುತ್ತದೆ ಎಂದು ಕೇಳಿದೆ. ಹಿರಿಯರು ಲೆಕ್ಕ ಹಾಕತೊಡಗಿದರು. ಅಷ್ಟು ಕಾಯಿಗೆ ತೋಟದಲ್ಲಿ ಬೇರೆ ಕೊಬ್ಬರಿ ಶೆಡ್ಡು ಕಟ್ಟಲು ತಗಲುವ ಖರ್ಚು, ಅಟ್ಟದ ಹಲಗೆ ಬದಲಿಸುವ ಖರ್ಚು, ಎರಡನ್ನೂ ಕಿರಿಯವನು ಕಾಗದದ ಮೇಲೆ ಬರೆದ. ಸಂಜೆಯವರೆಗೂ ವಾದ ನಡೆಯಿತು. ನಡುವೆ ಮನೆಯ ಹಿರಿಯ ಸೊಸೆ ತೊಟ್ಟಿಯ ಕಂಬಕ್ಕೊರಗಿ, “ಅಟ್ಟ ಇರ್ಲಿ, ಆದ್ರೆ ನನಗೆ ಅಡುಗೆಮನೇಲಿ ಬೆಳಕು ಬೇಕು” ಎಂದರು. ಗಾಜಿನ ಹೆಂಚಿನ ಮಾತು ಬಂದುದು ಆಗ.

ಕೊನೆಗೆ ಬರೆಸಿದ ಪಾಲುಪಾರೀಕತ್ತಿನಲ್ಲಿ ಕೋಣೆಗಳು ಮೂರು ಭಾಗವಾಗಿವೆ. ಒಬ್ಬರು ಕೊಟ್ಟಿಗೆಯಿದ್ದ ಜಾಗದಲ್ಲಿ ಹೊಸ ಕೋಣೆ ಕಟ್ಟಿಕೊಂಡಿದ್ದಾರೆ. ಅದಕ್ಕೆ ಸಿಮೆಂಟಿನದೇ ಗೋಡೆ. ತೊಟ್ಟಿ, ಅಟ್ಟ ಮತ್ತು ಅಟ್ಟಕ್ಕೇರುವ ಏಣಿ ಮೂವರಿಗೂ ಜಂಟಿಯೆಂದೂ ಹೆಂಚು ತಿರುಗಿಸುವ ಖರ್ಚು ಸಮಪಾಲೆಂದೂ ಪತ್ರದಲ್ಲಿ ನಮೂದಾಗಿದೆ. ಏಣಿಯನ್ನು ಸೇರಿಸಬೇಕೆಂದು ಹಟ ಹಿಡಿದವನು ಕಿರಿಯ ತಮ್ಮ.