ಸೆಕೆಂಡಿಗೆ ಇಪ್ಪತ್ತು ಕೋಟಿ ಚುಕ್ಕಿ

4ಕೆ ಟಿವಿಯ ಪರದೆಯಲ್ಲಿ ಅಡ್ಡಲಾಗಿ 3,840 ಚುಕ್ಕಿ, ಮೇಲಿಂದ ಕೆಳಕ್ಕೆ 2,160. ಗುಣಿಸಿ ನೋಡಿ: 82,94,400. ಊಟ ನಿದ್ದೆ ಬಿಟ್ಟು ಸೆಕೆಂಡಿಗೆ ಒಂದರಂತೆ ಎಣಿಸುತ್ತ ಕೂತರೂ ಮುಗಿಸಲು 96 ದಿನ ಬೇಕು. ಇದು ಒಂದೇ ಒಂದು ಫ್ರೇಮಿನ ಲೆಕ್ಕ! ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ಅಲ್ಲಿಗೆ ಒಂದು ಸೆಕೆಂಡಿಗೆ 19,90,65,600 ಚುಕ್ಕಿ. ಇಪ್ಪತ್ತು ಕೋಟಿಗೆ ತುಸುವೇ ಕಡಿಮೆ, ಅದರಲ್ಲಿ ಪ್ರತಿಯೊಂದಕ್ಕೂ ತನ್ನದೇ ಬಣ್ಣ, ತನ್ನದೇ ಹೊಳಪು.

ಈ ಚುಕ್ಕಿಗಳನ್ನು ಪರದೆಯಿಂದ ಕಿತ್ತು ಒಂದರ ಪಕ್ಕ ಒಂದು ಜೋಡಿಸೋಣ. 55 ಇಂಚಿನ ಟಿವಿಯಲ್ಲಿ ಒಂದು ಚುಕ್ಕಿಯ ಅಗಲ 0.317 ಮಿಲಿಮೀಟರ್. ಒಂದು ಫ್ರೇಮಿನ ಸಾಲೇ ಎರಡೂವರೆ ಕಿಲೋಮೀಟರ್ ದಾಟುತ್ತದೆ. ಒಂದು ಸೆಕೆಂಡಿನ ಸಾಲು 63 ಕಿಲೋಮೀಟರ್. ಬೆಂಗಳೂರಿನಿಂದ ಹೊರಟರೆ ಎರಡೂವರೆ ಸೆಕೆಂಡಿನೊಳಗೆ ಮೈಸೂರು! ಭೂಮಿಯ ಸೆಳೆತದಿಂದ ಬಿಡಿಸಿಕೊಳ್ಳಲು ಸೆಕೆಂಡಿಗೆ 11.2 ಕಿಲೋಮೀಟರ್ ವೇಗ ಸಾಕು. ನಮ್ಮ ಸಾಲು ಅದರ ಐದು ಪಟ್ಟನ್ನೂ ಮೀರಿ ಓಡುತ್ತಿದೆ. ಎರಡು ಗಂಟೆಯ ಸಿನಿಮಾ ಮುಗಿಯುವ ಹೊತ್ತಿಗೆ ಅದರ ಉದ್ದ 4,54,000 ಕಿಲೋಮೀಟರ್. ಚಂದ್ರ ಇರುವುದು ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿ. ಸೋಫಾದ ಮೇಲೆ ಕೂತು ಒಂದು ಸಿನಿಮಾ ನೋಡಿದವರ ಕಣ್ಣ ಮುಂದೆ ಚಂದ್ರನನ್ನು ದಾಟಿ ಇನ್ನೂ ಎಪ್ಪತ್ತು ಸಾವಿರ ಕಿಲೋಮೀಟರ್ ಹೋಗುವಷ್ಟು ಚುಕ್ಕಿಗಳು ಹಾದುಹೋಗಿರುತ್ತವೆ. ಒಟ್ಟು ಎಷ್ಟು? 1.43 ಲಕ್ಷ ಕೋಟಿ. ಆಕಾಶಗಂಗೆಯಲ್ಲಿ ಹತ್ತು ಸಾವಿರ ಕೋಟಿಯಿಂದ ನಲವತ್ತು ಸಾವಿರ ಕೋಟಿ ನಕ್ಷತ್ರಗಳಿವೆ ಎಂಬುದು ಅಂದಾಜು. ದೊಡ್ಡ ಅಂದಾಜನ್ನೇ ಹಿಡಿದರೂ ಒಂದು ಸಿನಿಮಾ ಅಂದರೆ ಮೂರೂವರೆ ಆಕಾಶಗಂಗೆ!

ಒಂದು ಚುಕ್ಕಿಯ ಕೆಂಪು, ಹಸಿರು, ನೀಲಿಗೆ ಹತ್ತು ಹತ್ತು ಬಿಟ್, ಒಟ್ಟು ಮೂವತ್ತು. ಏನನ್ನೂ ಬಿಡದೆ ಬರೆದಿಟ್ಟರೆ ಸೆಕೆಂಡಿಗೆ 597 ಕೋಟಿ ಬಿಟ್, ಸಿನಿಮಾ ಒಂದಕ್ಕೆ 5,370 ಗಿಗಾಬೈಟ್. ಹಳೆಯ 1.44 ಎಂಬಿ ಫ್ಲಾಪಿಗಳಿಗೆ ತುಂಬಲು ಹೊರಟರೆ 36 ಲಕ್ಷ ಫ್ಲಾಪಿ ಬೇಕು. ಒಂದರ ಮೇಲೊಂದು ಪೇರಿಸಿದರೆ 12 ಕಿಲೋಮೀಟರ್ ಎತ್ತರ. 8,849 ಮೀಟರಿನ ಎವರೆಸ್ಟ್ ಅದರ ಮುಕ್ಕಾಲು ಭಾಗಕ್ಕೆ ನಿಂತುಬಿಡುತ್ತದೆ. ಇದನ್ನು ಹಿಂಡಿ 60 ಗಿಗಾಬೈಟಿಗೆ ಇಳಿಸಿ 4ಕೆ ಬ್ಲೂ-ರೇ ಡಿಸ್ಕಿನಲ್ಲಿ ಕೂರಿಸುತ್ತಾರೆ. ಆಗ ಫ್ಲಾಪಿಗಳ ಆ ಪರ್ವತ 134 ಮೀಟರಿಗೆ, ಅಂದರೆ ಜೋಗದ ಅರ್ಧ ಎತ್ತರದ ಆಸುಪಾಸಿಗೆ ಕುಗ್ಗುತ್ತದೆ. ಇಂಟರ್ನೆಟ್ಟಿನಲ್ಲಿ ಬರುವ 4ಕೆ ಸಿನಿಮಾಕ್ಕೆ ಸೆಕೆಂಡಿಗೆ 15 ಮೆಗಾಬಿಟ್ ಸಿಕ್ಕರೂ ನಡೆಯುತ್ತದೆ. ನಾನೂರು ಬಿಟ್ ಇದ್ದ ಕಡೆ ಒಂದೇ ಬಿಟ್! ಆದರೂ ನಾಯಕಿಯ ಹಣೆಯ ಮೇಲೆ ಹಾರುವ ಒಂದೊಂದು ಕೂದಲೂ ಬೇರೆಬೇರೆಯಾಗಿ ಕಾಣುತ್ತದೆ. ನನಗಂತೂ ಇದು ಎಷ್ಟು ಸಲ ನೋಡಿದರೂ ನಂಬಲಾಗದ ಸಂಗತಿ.

ಈಗ ಮನೆಯೊಳಗಿನ ಕತೆಗೆ ಬರೋಣ. ಒಂದು ಕೋಣೆಯಲ್ಲಿ ಸಿನಿಮಾ ತುಂಬಿಟ್ಟ ಕಂಪ್ಯೂಟರ್, ಅಂದರೆ ಸರ್ವರ್, ಇನ್ನೊಂದು ಕೋಣೆಯಲ್ಲಿ ಟಿವಿ, ನಡುವೆ ಹತ್ತು ಮೀಟರ್. ಸರಾಸರಿ 60 ಮೆಗಾಬಿಟ್ ವೇಗದ ಸಿನಿಮಾ ಸೆಕೆಂಡಿಗೆ 5,000 ಪೊಟ್ಟಣಗಳಾಗಿ ಹೊರಡುತ್ತದೆ, ಸಿನಿಮಾ ಮುಗಿಯುವಷ್ಟರಲ್ಲಿ 3.6 ಕೋಟಿ ಪೊಟ್ಟಣ. ಟಿವಿ ಒಂದೊಂದು ಫ್ರೇಮಿಗೂ ಕೊಡುವ ಗಡುವು 41.7 ಮಿಲಿಸೆಕೆಂಡ್. ಗಡುವು ತಪ್ಪಿತೋ, ಪರದೆಯ ಮಧ್ಯೆ ಆ ಗಿರಗಿರ ತಿರುಗುವ ಚಕ್ರ! ಚಿತ್ರ ಮುಗ್ಗರಿಸಿದರೆ ಜನ ಮೊದಲು ಟಿವಿಯನ್ನು ಬೈಯುತ್ತಾರೆ, ಆಮೇಲೆ ಇಂಟರ್ನೆಟ್ ಕಂಪನಿಯನ್ನು. ಮನೆಯೊಳಗೇ ಓಡಾಡುವ ಸಿನಿಮಾಕ್ಕೆ ಇಂಟರ್ನೆಟ್ಟಿನ ಹಂಗೇ ಇಲ್ಲ. ಸರ್ವರಿನಿಂದ ಸ್ಪೀಕರಿನವರೆಗಿನ ದಾರಿಯಲ್ಲಿ ಎಲ್ಲೋ ಒಂದು ಕಡೆ ಒಂದು ಅಂಕಿ ಚಿಕ್ಕದಾಗಿದೆ, ಅಷ್ಟೇ. ಅದನ್ನು ಹುಡುಕಬೇಕು.

ಸರ್ವರಿನ ಹಾರ್ಡ್ ಡಿಸ್ಕಿನ ಮೇಲೆ ಅನುಮಾನವೇ? ನಿಮಿಷಕ್ಕೆ 7,200 ಸುತ್ತು, ಸೆಕೆಂಡಿಗೆ 120. ಮೂರೂವರೆ ಇಂಚಿನ ಡಿಸ್ಕಿನೊಳಗಿನ ತಟ್ಟೆಯ ಅಂಚು ಗಂಟೆಗೆ ಸುಮಾರು 130 ಕಿಲೋಮೀಟರ್ ವೇಗದಲ್ಲಿ ಗಿರಕಿ ಹೊಡೆಯುತ್ತಿರುತ್ತದೆ. ಸೆಕೆಂಡಿಗೆ ಸಾವಿರ ಮೆಗಾಬಿಟ್ ಕೊಡುವುದು ಅದಕ್ಕೆ ಲೀಲಾಜಾಲ. ಅದನ್ನು ಬಿಟ್ಟುಬಿಡಿ.

ಟಿವಿಯ ಬೆನ್ನಿಗೆ ಹೋಗಿ. ಅಲ್ಲಿರುವ ಲ್ಯಾನ್ ಪೋರ್ಟ್ ಬಹಳಷ್ಟು ಟಿವಿಗಳಲ್ಲಿ 100 ಮೆಗಾಬಿಟ್‌ನದು, ಕೈಗೆ ಸಿಗುವುದು 95ರ ಸುಮಾರು. 100 ಗಿಗಾಬೈಟಿನ ಬ್ಲೂ-ರೇ ಡಿಸ್ಕಿಗೆ 128 ಮೆಗಾಬಿಟ್‌ವರೆಗೂ ಏರಲು ಅನುಮತಿಯಿದೆ. ಇಬ್ಬರು ಕೂತು ಮಾತಾಡುವ ದೃಶ್ಯದಲ್ಲಿ ಎಲ್ಲವೂ ಸಲೀಸು. ಮಳೆ ಶುರುವಾಗಲಿ, ಸಾವಿರ ಕುದುರೆಗಳು ಧೂಳೆಬ್ಬಿಸಲಿ, ಪಟಾಕಿ ಸಿಡಿಯಲಿ: ಸರ್ವರಿನ ವೇಗ ತೋರಿಸುವ ಪುಟದಲ್ಲಿ ಅಂಕಿ 40 ಇದ್ದದ್ದು 70, 90, 110 ಎಂದು ಏರುತ್ತದೆ, ಚಿತ್ರ ಸರಿಯಾಗಿ ಅಲ್ಲೇ ನಿಲ್ಲುತ್ತದೆ. ಹತ್ತು ಸೆಕೆಂಡಿನ ಅಂಥ ದೃಶ್ಯದಲ್ಲಿ ನಲವತ್ತು ಮೆಗಾಬೈಟ್ ಬಾಕಿ ಬೀಳಬಹುದು. ಟಿವಿ ಆ್ಯಪಿನ ಬಫರ್‌ನಲ್ಲಿ ಅಷ್ಟು ಉಳಿತಾಯ ಇಲ್ಲದಿದ್ದರೆ ಚಕ್ರವೇ ಗತಿ. ಅಲ್ಲಿ ಕೇಬಲ್ ಕಿತ್ತು 5 ಗಿಗಾಹರ್ಟ್ಸ್ ವೈಫೈಗೆ ಹಾಕಿದರೆ ಚಿತ್ರ ಸರಾಗವಾಗುವುದುಂಟು. ತಂತಿಗಿಂತ ಗಾಳಿಯೇ ವೇಗ!

ಪೋರ್ಟ್ ಸಾವಿರದ್ದೇ ಇದ್ದರೂ ನೂರಕ್ಕೆ ಕುಸಿಯಬಹುದು. ಕೇಬಲ್ಲಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ: ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ಎಂಟು ಬಣ್ಣದ ಎಳೆಗಳು, ಒಂದೊಂದರ ಒಳಗಿನ ತಾಮ್ರ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಸಾವಿರಕ್ಕೆ ಎಂಟೂ ಬೇಕು, ನೂರಕ್ಕೆ ನಾಲ್ಕು ಸಾಕು. ಬಾಗಿಲಿಗೆ ಸಿಕ್ಕಿ ಒಂದೇ ಒಂದು ಎಳೆ ತುಂಡಾದರೂ 900 ಮೆಗಾಬಿಟ್ ಮಾಯ. ಕೇಬಲ್ ಮಾತ್ರ ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ. ಹೊಸ ಟಿವಿಗೆ ದುಡ್ಡು ಜೋಡಿಸುವ ಮೊದಲು ಕೇಬಲ್ ಬದಲಿಸಿ ನೋಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ವೈಫೈ ಆದರೆ 2.4 ಗಿಗಾಹರ್ಟ್ಸ್ ಬಿಡಿ: ಆ ಅಲೆ ಸೆಕೆಂಡಿಗೆ 240 ಕೋಟಿ ಸಲ ಕಂಪಿಸುತ್ತದೆ ನಿಜ, ಆದರೆ ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ, ಅಪಾರ್ಟ್‌ಮೆಂಟಿನ ಅಷ್ಟೂ ಮನೆಗಳು ಅದರಲ್ಲೇ ತುರುಕಿಕೊಂಡಿರುತ್ತವೆ.

ದಾರಿ ಅಗಲವಿದ್ದೂ ಮುಗ್ಗರಿಸಿದರೆ ಸರ್ವರ್ ಸಿನಿಮಾವನ್ನು ಹಾಗೇ ಕಳಿಸದೆ ಹೊಸದಾಗಿ ಪರಿವರ್ತಿಸುತ್ತಿದೆಯೇ ನೋಡಿ. 3 ಗಿಗಾಹರ್ಟ್ಸ್ ಪ್ರೊಸೆಸರಿನ ಒಂದು ಕೋರ್ ಸೆಕೆಂಡಿಗೆ 300 ಕೋಟಿ ಸಲ ಮಿಡಿಯುತ್ತದೆ. ಅಬ್ಬಾ ಎನ್ನಬೇಡಿ. ಇಪ್ಪತ್ತು ಕೋಟಿ ಚುಕ್ಕಿಗೆ ಹಂಚಿದರೆ ತಲಾ ಹದಿನೈದೇ ಮಿಡಿತ! ಒಂದು ಚುಕ್ಕಿಯನ್ನು ಬಿಚ್ಚಿ, ಬಣ್ಣ ಹೊಂದಿಸಿ, ಮತ್ತೆ ಕಟ್ಟಿಡಲು ಸಿಗುವುದು ಅಷ್ಟೇ. ಈ ಪರಿವರ್ತನೆಗೆ ಕಾರಣ ಎಷ್ಟೋ ಸಲ ಸಬ್‌ಟೈಟಲ್. ಡಿಸ್ಕಿನಿಂದ ಬಂದ ಚಿತ್ರರೂಪದ ಸಬ್‌ಟೈಟಲ್ ಟಿವಿಗೆ ಅರ್ಥವಾಗದಿದ್ದರೆ, ಕೆಳಗಿನ ಎರಡು ಸಾಲಿಗಾಗಿ ಸರ್ವರ್ ಇಡೀ 82 ಲಕ್ಷ ಚುಕ್ಕಿಯ ಫ್ರೇಮನ್ನು ಸೆಕೆಂಡಿಗೆ 24 ಸಲ ಮತ್ತೆ ಬರೆಯುತ್ತ ಕೂರುತ್ತದೆ. ಅದರ ಬದಲು ನೂರು ಕಿಲೋಬೈಟಿನ ಒಂದು ಬರಹದ ಫೈಲು ಕೊಟ್ಟರೆ ಸಾಮಾನ್ಯವಾಗಿ ಈ ಕೆಲಸವೇ ತಪ್ಪುತ್ತದೆ. ಸಿನಿಮಾದ ಆರು ಲಕ್ಷದಲ್ಲಿ ಒಂದು ಪಾಲು, ಬಿಡಿಸುವುದು ಇಡೀ ಸಿನಿಮಾವನ್ನು!

ಕಿವಿಯ ಲೆಕ್ಕವೂ ಸಣ್ಣದಲ್ಲ. 7.1 ಸರೌಂಡ್ ಸೌಂಡ್ ಎಂದರೆ ಎಂಟು ಚಾನೆಲ್, ಒಂದೊಂದರಲ್ಲೂ ಸೆಕೆಂಡಿಗೆ 48,000 ಅಳತೆ, ಒಟ್ಟು 3,84,000. ಎರಡು ಗಂಟೆಗೆ 276 ಕೋಟಿ. ಡಾಲ್ಬಿ ಟ್ರೂಎಚ್‌ಡಿ ಎಂಬ ಸದ್ದಿನ ನಮೂನೆಯಲ್ಲಿ ಒಂದು ಸೆಕೆಂಡಿನ ಸದ್ದನ್ನು 1,200 ತುಣುಕು ಮಾಡಿರುತ್ತಾರೆ. ಒಂದು ತುಣುಕು ಮುಗಿಯುವಷ್ಟರಲ್ಲಿ ಸ್ಪೀಕರಿನಿಂದ ಹೊರಟ ಸದ್ದು ಒಂದು ಅಡಿಯನ್ನೂ ದಾಟಿರುವುದಿಲ್ಲ. ಕಳೆದುಹೋದ ಒಂದು ಫ್ರೇಮನ್ನು ಕಣ್ಣು ಕ್ಷಮಿಸೀತು. ಸದ್ದಿನಲ್ಲಿ ಒಂದು ಚೂರು ತಪ್ಪಿದರೂ ಕಿವಿಗೆ ಟಪ್ ಎಂದು ಕೇಳುತ್ತದೆ. ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದೆ ಹೋದರೆ ಸಾಕು, ತುಟಿಗೂ ಮಾತಿಗೂ ತಾಳ ತಪ್ಪಿದ್ದು ಜನರಿಗೆ ಗೊತ್ತಾಗುತ್ತದೆ ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ. ಇಲ್ಲೂ ಸಿಕ್ಕು ಟಿವಿಯ ಬೆನ್ನಲ್ಲೇ. ಟ್ರೂಎಚ್‌ಡಿ 18 ಮೆಗಾಬಿಟ್‌ವರೆಗೂ ಉಬ್ಬುತ್ತದೆ. ಸೌಂಡ್‌ಬಾರ್‌ಗೆ ಹೋಗುವ ಹಳೆಯ ಆರ್ಕ್ ದಾರಿಯ ಅಗಲ ಸುಮಾರು 1. ಹೊಸ ಇ-ಆರ್ಕ್‌ನದು 37. ಒಂದೇ ಅಕ್ಷರ ಹೆಚ್ಚು, ಮೂವತ್ತೇಳು ಪಟ್ಟು ಅಗಲ! ಎಚ್‌ಡಿಎಂಐ ಪೋರ್ಟಿನ ಮೇಲೆ ಬರೆದಿರುವ ಆ ಪುಟ್ಟ ಅಕ್ಷರಗಳನ್ನು ಟಾರ್ಚ್ ಹಿಡಿದಾದರೂ ಓದಿ.

ಬಫರಿಂಗ್ ಇಲ್ಲ, ಸದ್ದೂ ಸರಿ, ಆದರೂ ಆಗೊಮ್ಮೆ ಈಗೊಮ್ಮೆ ಚಿತ್ರ ಜರ್ಕ್ ಹೊಡೆಯುತ್ತದೆಯೇ? 1953ರಲ್ಲಿ ಅಮೆರಿಕದ ಬಣ್ಣದ ಟಿವಿಗಾಗಿ ಫ್ರೇಮುಗಳ ವೇಗವನ್ನು ಸಾವಿರದಲ್ಲಿ ಒಂದು ಪಾಲಿನಷ್ಟು ತಗ್ಗಿಸಿದರು. ಅದರ ನೆರಳು ಇನ್ನೂ ಹೋಗಿಲ್ಲ: ಡಿಸ್ಕಿನ ಸಿನಿಮಾ ಬಹುಪಾಲು ಓಡುವುದು 23.976 ಫ್ರೇಮಿನಲ್ಲಿ. ಟಿವಿ ಕರಾರುವಾಕ್ಕಾಗಿ 24ರಲ್ಲಿ ಓಡಿದರೆ 42 ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಎರಡು ಸಲ ಬರುತ್ತದೆ, ಇಡೀ ಸಿನಿಮಾದಲ್ಲಿ 172 ಸಲ. ಎಪ್ಪತ್ತು ವರ್ಷ ಹಿಂದಿನ ಸಾವಿರದ ಒಂದು ಪಾಲು, ಇವತ್ತಿನ ಹಾಲ್‌ನಲ್ಲಿ! ಪ್ಲೇಯರಿನಲ್ಲಿ ಫ್ರೇಮ್ ರೇಟ್ ಹೊಂದಿಸುವ ಸೆಟ್ಟಿಂಗ್ ಹಾಕಿ.

ಇಷ್ಟೆಲ್ಲ 4ಕೆ ಮಾತು. ಜಪಾನಿನ ಎನ್‌ಎಚ್‌ಕೆ 2018ರ ಡಿಸೆಂಬರ್ 1ರಿಂದಲೇ 8ಕೆ ಚಾನೆಲ್ ಪ್ರಸಾರ ಮಾಡುತ್ತಿದೆ. ಒಂದು ಫ್ರೇಮಿಗೆ 3.3 ಕೋಟಿ ಚುಕ್ಕಿ, ಸೆಕೆಂಡಿಗೆ 60 ಫ್ರೇಮ್, ಅಂದರೆ ಸೆಕೆಂಡಿಗೆ 199 ಕೋಟಿ: ನಮ್ಮ ಸಿನಿಮಾದ ಹತ್ತು ಪಟ್ಟು! 75 ಇಂಚಿನ ಪರದೆಯ ಚುಕ್ಕಿಗಳನ್ನು ಸಾಲಿಟ್ಟರೆ ಪ್ರತಿ ಸೆಕೆಂಡಿಗೂ 430 ಕಿಲೋಮೀಟರ್, ಹೆಚ್ಚುಕಡಿಮೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಹಾರಾಡುವ ಎತ್ತರ. ಸದ್ದಿಗೆ 24 ಚಾನೆಲ್: ತಲೆಯ ಮೇಲೆ, ಸುತ್ತ, ಕಾಲಬಳಿ. ಇದಿಷ್ಟೂ 36,000 ಕಿಲೋಮೀಟರ್ ಮೇಲಿನ ಉಪಗ್ರಹದಿಂದ ಮನೆಯ ತಾರಸಿಗೆ ಇಳಿದುಬರುವುದು ಸೆಕೆಂಡಿಗೆ ಸುಮಾರು 100 ಮೆಗಾಬಿಟ್‌ನಲ್ಲಿ. ಹಿಂಡದೆ ಹರಿಯಬಿಟ್ಟರೆ ಮಾತ್ರ ಆ ಚಿತ್ರ ಸೆಕೆಂಡಿಗೆ ಆರು ಸಾವಿರ ಕೋಟಿ ಬಿಟ್ ಹತ್ತಿರ ಬೇಡುತ್ತದೆ. ಎಚ್‌ಡಿಎಂಐ 2.1 ಕೇಬಲ್ ಹೊರುವುದು 4,800 ಕೋಟಿ. ಪ್ಲೇಯರಿನಿಂದ ಟಿವಿಗೆ ಇರುವ ಆ ಒಂದೂವರೆ ಮೀಟರ್ ದಾಟಿಸಲೂ ಅದನ್ನು ಹಿಂಡಿಯೇ ಕಳಿಸಬೇಕು!