ಸೋಲುವುದಕ್ಕೂ ದುಡ್ಡು ಬೇಕು

‘ಟ್ವೆಲ್ತ್ ಫೇಲ್’ ನೋಡಿದವರು ಅತ್ತೆವೆಂದು ಹೇಳುವುದು ಸಾಮಾನ್ಯವಾಗಿ ಕೊನೆಯ ಫಲಿತಾಂಶದ ದೃಶ್ಯಕ್ಕೆ. ನನಗೆ ಗಂಟಲು ಕಟ್ಟಿದ್ದು ಅದಕ್ಕಿಂತ ಬಹಳ ಮೊದಲು. ಓದಲು ಹೊರಟ ಮೊಮ್ಮಗನಿಗೆ ಅಜ್ಜಿ ತನ್ನ ಪಿಂಚಣಿಯಲ್ಲಿ ಕೂಡಿಟ್ಟ ಹಣವನ್ನೆಲ್ಲ ಕೊಡುತ್ತಾಳೆ. ಬಸ್ಸಿನಲ್ಲಿ ಅದು ಕಳುವಾಗುತ್ತದೆ. ಮುಂದೊಂದು ದಿನ ಹುಡುಗ ದಿಲ್ಲಿಯಿಂದ ಊರಿಗೆ ಬಂದು ಅಜ್ಜಿಯನ್ನು ಹುಡುಕುತ್ತಾನೆ. ಆಕೆ ತೀರಿಕೊಂಡು ಎಷ್ಟೋ ದಿನವಾಗಿರುತ್ತದೆ. ಓದಿಗೆ ಅಡ್ಡಿಯಾದೀತೆಂದು ಮನೆಯವರು ತಿಳಿಸಿಯೇ ಇರುವುದಿಲ್ಲ. ಒಬ್ಬನ ಓದಿಗೆ ಬಡ ಮನೆಯೊಂದು ಏನೇನು ತೆರುತ್ತದೆ ಎಂಬ ಲೆಕ್ಕ ನನಗೆ ಅಲ್ಲಿ ಸಿಕ್ಕಿತು.

ವಿಧು ವಿನೋದ್ ಚೋಪ್ರಾ ನಿರ್ದೇಶನದ ಈ ಹಿಂದಿ ಚಿತ್ರ ತೆರೆಗೆ ಬಂದದ್ದು 2023ರ ಅಕ್ಟೋಬರ್‌ನಲ್ಲಿ. ಮಧ್ಯಪ್ರದೇಶದ ಚಂಬಲ್ ಸೀಮೆಯ ಮೊರೆನಾ ಜಿಲ್ಲೆಯಲ್ಲಿ ಹುಟ್ಟಿ ಐಪಿಎಸ್ ಅಧಿಕಾರಿಯಾದ ಮನೋಜ್ ಕುಮಾರ್ ಶರ್ಮಾ ಅವರ ಬದುಕನ್ನು ಅನುರಾಗ್ ಪಾಠಕ್ ಪುಸ್ತಕವಾಗಿ ಬರೆದಿದ್ದರು. ಚಿತ್ರ ಅದನ್ನೇ ಆಧರಿಸಿದೆ. ಮನೋಜ್ ಆಗಿ ವಿಕ್ರಾಂತ್ ಮಾಸ್ಸಿ ನಟಿಸಿದ್ದಾರೆ. ಬಿಸಿಲಿಗೆ ಕಂದಿದ ಮುಖ, ತಗ್ಗಿದ ಹೆಗಲು, ದೊಡ್ಡವರೆದುರು ತಡವರಿಸುವ ಮಾತು. ನಟನನ್ನು ಮರೆತು ಹುಡುಗನ ಹಿಂದೆ ಹೋಗಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಶಾಲೆಯ ಭಾಗದ ಜಾಣತನ ನೋಡಿ. ಆ ಊರಲ್ಲಿ ಪರೀಕ್ಷೆಯೆಂದರೆ ಸಾಮೂಹಿಕ ನಕಲು. ಮೇಷ್ಟ್ರುಗಳೇ ಉತ್ತರ ಹೇಳಿಕೊಡುತ್ತಾರೆ. ದುಷ್ಯಂತ್ ಸಿಂಗ್ ಎಂಬ ಪೊಲೀಸ್ ಅಧಿಕಾರಿ ಬಂದು ಅದನ್ನು ನಿಲ್ಲಿಸಿದ ವರ್ಷ ಮನೋಜ್ ಹನ್ನೆರಡನೇ ತರಗತಿಯಲ್ಲಿ ಫೇಲಾಗುತ್ತಾನೆ. ತನ್ನನ್ನು ಫೇಲು ಮಾಡಿಸಿದವನಂತೆಯೇ ಆಗಬೇಕೆಂದು ಅವನು ಹಟ ಹಿಡಿಯುತ್ತಾನೆ. ಮನೆಯಲ್ಲಿ ಅಪ್ಪ ಭ್ರಷ್ಟರನ್ನು ಎದುರುಹಾಕಿಕೊಂಡು ಅಮಾನತಾಗಿದ್ದಾನೆ. ಪ್ರಾಮಾಣಿಕತೆ ಇಲ್ಲಿ ಪುಕ್ಕಟೆ ಸದ್ಗುಣವಲ್ಲ, ಒಲೆಯ ಮೇಲಿನ ರೊಟ್ಟಿಯನ್ನೇ ಕಸಿಯುವ ಆಯ್ಕೆ.

ಮುಂದೆ ನಾಗರಿಕ ಸೇವಾ ಪರೀಕ್ಷೆಗೆ ಓದಲು ದಿಲ್ಲಿಯ ಮುಖರ್ಜಿ ನಗರಕ್ಕೆ ಬಂದ ಮನೋಜ್ ಗ್ರಂಥಾಲಯದ ಕಸ ಗುಡಿಸುತ್ತಾನೆ, ಪಾಯಿಖಾನೆ ತೊಳೆಯುತ್ತಾನೆ, ಹಿಟ್ಟಿನ ಗಿರಣಿಯಲ್ಲಿ ದುಡಿದು ಅಲ್ಲೇ ಮಲಗುತ್ತಾನೆ. ಆಗ ಸಾಮಾನ್ಯ ವರ್ಗದವರಿಗೆ ಯುಪಿಎಸ್‌ಸಿ ನಡೆಸುವ ಈ ಪರೀಕ್ಷೆ ಬರೆಯಲು ಇದ್ದದ್ದು ನಾಲ್ಕೇ ಅವಕಾಶ. ನಿಯಮ ಉಳ್ಳವನಿಗೂ ಇಲ್ಲದವನಿಗೂ ಒಂದೇ. ಆದರೆ ಒಬ್ಬ ಹೊತ್ತುಹೊತ್ತಿಗೆ ಉಂಡು ಹನ್ನೆರಡು ತಿಂಗಳೂ ಓದುತ್ತಾನೆ. ಇನ್ನೊಬ್ಬನಿಗೆ ಓದಲು ಸಿಗುವುದು ಗಿರಣಿ ನಿಂತ ಮೇಲಿನ ಹೊತ್ತು. ಸೋತು ಮತ್ತೊಂದು ವರ್ಷ ಕೂರಬೇಕೆಂದರೆ ಬಾಡಿಗೆ ಯಾರು ಕಟ್ಟಬೇಕು? ಬಡವನಿಗೆ ಗೆಲ್ಲಲು ಬುದ್ಧಿ, ಛಲ ಸಾಕಾಗಬಹುದು. ಸೋಲಲು ಮಾತ್ರ ದುಡ್ಡೇ ಬೇಕು.

ಇದನ್ನು ಬಲ್ಲವನು ಗೌರಿ ಭಯ್ಯಾ. ನನ್ನ ಮಟ್ಟಿಗೆ ಚಿತ್ರದ ಅತಿ ದೊಡ್ಡ ಪಾತ್ರ ಅದೇ. ತನ್ನ ಅವಕಾಶಗಳೆಲ್ಲ ಮುಗಿದ ಮೇಲೆ ಅವನು ‘ರೀಸ್ಟಾರ್ಟ್’ ಎಂದು ಹೆಸರಿಟ್ಟು ಚಹಾದಂಗಡಿ ತೆರೆಯುತ್ತಾನೆ. ಬಂದ ಹುಡುಗರಿಗೆ ಚಹಾ ಕೊಡುತ್ತ ಮಾರ್ಗದರ್ಶನವನ್ನೂ ಕೊಡುತ್ತಾನೆ. ಮನೋಜನನ್ನು ಗಿರಣಿಯಿಂದ ಬಿಡಿಸಿ ಓದಲು ಕೂರಿಸುವವನೂ ಅವನೇ. ಮನೋಜ್ ಗೆದ್ದದ್ದು ಒಂಟಿಯಾಗಿ ಅಲ್ಲ. ಅಜ್ಜಿಯ ಪಿಂಚಣಿ, ಗ್ವಾಲಿಯರ್‌ನಲ್ಲಿ ಸಿಕ್ಕು ದಿಲ್ಲಿಗೆ ಕರೆತಂದ ಗೆಳೆಯ ಪ್ರೀತಮ್, ಜೊತೆಗೆ ನಿಂತ ಗೆಳತಿ ಶ್ರದ್ಧಾ, ಈ ಚಹಾದಂಗಡಿ ಎಲ್ಲ ಸೇರಿ ಅವನನ್ನು ದಾಟಿಸಿದವು. ರೀಲ್ಸ್‌ನಲ್ಲಿ ಚಿತ್ರದ ಸಂದರ್ಶನ ದೃಶ್ಯದ ತುಣುಕು ನೋಡಿ ಹುರುಪುಗೊಳ್ಳುವವರಿಗೆ ಈ ಸಾಲ ಕಾಣುವುದಿಲ್ಲ.

ಚೋಪ್ರಾ ಮುಖರ್ಜಿ ನಗರದ ಬೀದಿಗಳಲ್ಲೇ, ನಿಜವಾದ ಪರೀಕ್ಷಾರ್ಥಿಗಳ ನಡುವೆ ಚಿತ್ರೀಕರಿಸಿದ್ದಾರೆ. ಚಿತ್ರ ಬಿಡುಗಡೆಗೆ ಕೆಲವೇ ತಿಂಗಳ ಮೊದಲು, ಅದೇ ವರ್ಷದ ಜೂನ್‌ನಲ್ಲಿ, ಅಲ್ಲಿನ ಕೋಚಿಂಗ್ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ವಿದ್ಯಾರ್ಥಿಗಳು ಕಿಟಕಿಯಿಂದ ಹಗ್ಗ, ತಂತಿ ಹಿಡಿದು ಇಳಿದಿದ್ದರು. 2024ರ ಜುಲೈನಲ್ಲಿ ದಿಲ್ಲಿಯದೇ ಹಳೇ ರಾಜೇಂದ್ರ ನಗರದಲ್ಲಿ ಕೋಚಿಂಗ್ ಕೇಂದ್ರದ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ಸತ್ತರು. ಕನಸಿನ ಪೇಟೆಯ ಈ ಮುಖ ತಿಳಿದು ನೋಡಿದರೆ ಚಿತ್ರ ಇನ್ನಷ್ಟು ನೋಯಿಸುತ್ತದೆ.

ನಮ್ಮ ಧಾರವಾಡದ ಸಪ್ತಾಪುರ, ಬೆಂಗಳೂರಿನ ವಿಜಯನಗರದಲ್ಲಿ ಪಿ.ಜಿ. ರೂಮು ಹಿಡಿದು ಓದುವವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿಬಂದವರಿಗೆ ಹಿಂದಿ ಮಾಧ್ಯಮದ ಮನೋಜ್ ಇಂಗ್ಲಿಷ್‌ ಎದುರು ಬೆವರುವುದೂ ತಮ್ಮದೇ ಅನುಭವ.

ಇಷ್ಟಾಗಿಯೂ ಚಿತ್ರ ಹಿಂಬಾಲಿಸುವುದು ಗೆದ್ದವನನ್ನೇ ಎಂಬ ತಕರಾರು ನನ್ನದು. 2023ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ಕೊನೆಗೆ ಆಯ್ಕೆಯಾದವರು 1,016 ಮಂದಿ. ಅರ್ಜಿ ಹಾಕುವವರು ಲಕ್ಷಗಟ್ಟಲೆ. ಉಳಿದವರ ಛಲವೇನು ಕಡಿಮೆಯದೇ? ‘ಮನಸ್ಸಿದ್ದರೆ ಮಾರ್ಗ’ ಎಂದು ಅವರಿಗೆ ಬುದ್ಧಿ ಹೇಳುವುದು ಸುಲಭ, ಆದರೆ ಮಾರ್ಗಕ್ಕೆ ಖರ್ಚಿದೆ. ಹಳ್ಳಿಯ ಗ್ರಂಥಾಲಯದಲ್ಲಿ ಹೊಸ ಪುಸ್ತಕ, ತಿಂಗಳು ತಪ್ಪದ ವಿದ್ಯಾರ್ಥಿವೇತನ, ಹಾಸ್ಟೆಲಿನ ಎರಡು ಹೊತ್ತಿನ ಊಟ: ಗೌರಿ ಭಯ್ಯಾ ಮಾಡಿದ ಕೆಲಸವನ್ನು ಒಂದು ಸಮಾಜವಾಗಿ ನಾವು ಮಾಡುವ ಬಗೆ ಇವು. ಇವು ಹೆಚ್ಚಿದಷ್ಟೂ ಬಡವನೊಬ್ಬನ ಗೆಲುವು ಸಿನಿಮಾ ಮಾಡಬೇಕಾದಷ್ಟು ಅಪರೂಪದ ಸಂಗತಿಯಾಗಿ ಉಳಿಯುವುದಿಲ್ಲ.